ತುಕ್ಕು ಹಿಡಿದ ಅಯಸ್ಕಾಂತ, ಎರಡು ಭವಿಷ್ಯ

1938ನೆಯ ಇಸವಿಯ ಮೇ ತಿಂಗಳಿನಿಂದ ಜುಲೈವರೆಗೆ ಅಮೆರಿಕದ ‘ಅಸ್ಟೌಂಡಿಂಗ್ ಸೈನ್ಸ್-ಫಿಕ್ಷನ್’ ಎಂಬ ಮಾಸಪತ್ರಿಕೆಯಲ್ಲಿ ‘ದಿ ಲೀಜನ್ ಆಫ್ ಟೈಮ್’ ಎಂಬ ಧಾರಾವಾಹಿಯೊಂದು ಪ್ರಕಟವಾಯಿತು. ಅಗ್ಗದ ಒರಟು ಕಾಗದದ ಮೇಲೆ ಅಚ್ಚಾಗಿ, ಓದಿ ಬಿಸುಡುವುದಕ್ಕೆಂದೇ ಹುಟ್ಟಿದ ಪತ್ರಿಕೆ ಅದು. ಕಾಗದದೊಳಗಿನ ಆಮ್ಲವೇ ಕಾಗದವನ್ನು ತಿಂದು, ಪುಟಗಳು ಹಳದಿಗಟ್ಟಿ, ಮಡಿಚಿದಲ್ಲಿ ಮುರಿದು ಪುಡಿಯಾಗುವಂಥದು. ಭೂತಕಾಲವನ್ನು ಕೆಡಿಸಲು ಹೊರಟವರಿಗೂ ಕಾಯಲು ಹೊರಟವರಿಗೂ ನಡೆಯುವ ಸಮರವೆಂಬ, ಇಂದು ಚಲನಚಿತ್ರಗಳಲ್ಲಿಯೂ ದೂರದರ್ಶನದ ಧಾರಾವಾಹಿಗಳಲ್ಲಿಯೂ ಸವೆದು ಸವೆದು ನುಣ್ಣಗಾಗಿರುವ ಕಥಾವಸ್ತುವು ಮೊತ್ತಮೊದಲು ಪೂರ್ಣಪ್ರಮಾಣದಲ್ಲಿ ಮೈದಾಳಿದ ಕೃತಿಗಳಲ್ಲಿ ಇದಕ್ಕೆ ಅಗ್ರಸ್ಥಾನ ಸಲ್ಲತಕ್ಕದ್ದು. ಆದರೆ ಈ ಮಾತು ಗ್ರಂಥಸೂಚಿ ಬರೆಯುವವರಿಗೆ ತಿಳಿದಿರುವಷ್ಟು ಚಿತ್ರ ತೆಗೆಯುವವರಿಗೆ ತಿಳಿದಂತಿಲ್ಲ.

ಕಥೆ ಇಷ್ಟು. ಡೆನಿಸ್ ಲ್ಯಾನಿಂಗ್ ಎಂಬ ತರುಣನಿಗೆ ಎರಡು ಬೇರೆ ಬೇರೆ ಭವಿಷ್ಯಗಳಿಂದ ಇಬ್ಬರು ಸ್ತ್ರೀಯರು ಛಾಯಾರೂಪದಲ್ಲಿ ಕಾಣಿಸಿಕೊಳ್ಳುತ್ತಾರೆ: ಜಾನ್‌ಬಾರ್ ಎಂಬ ಸುಂದರ ನಗರಿಯ ಸೌಮ್ಯೆ ಲೆಥೋನಿ ಒಬ್ಬಳು, ದೈತ್ಯಾಕಾರದ ಇರುವೆಗಳನ್ನೇ ಸೇನೆಯಾಗಿ ಉಳ್ಳ ಗೈರೋಂಚಿಯ ಕ್ರೂರ ರಾಣಿ ಸೊರೈನಿಯಾ ಇನ್ನೊಬ್ಬಳು. ಎರಡು ನಾಡುಗಳೂ ಒಟ್ಟಿಗೆ ಇರಲಾರವು. ಒಂದು ಹುಟ್ಟಿತೆಂದರೆ ಮತ್ತೊಂದು ಎಂದೂ ಹುಟ್ಟಲೇ ಇಲ್ಲವೆಂದು ಅರ್ಥ. ಜಾನ್‌ಬಾರಿನ ಪರವಾಗಿ ಕಾದುವುದಕ್ಕೆ ಕಾಲನೌಕೆಯೊಂದು ಯುದ್ಧಭೂಮಿಗಳಲ್ಲಿ ಸಾಯುತ್ತಿರುವ ಯೋಧರನ್ನು ಅವರ ಕಡೆಯ ಕ್ಷಣದಲ್ಲಿ ಎತ್ತಿಕೊಂಡು ಬರುತ್ತದೆ. ಹೇಗೂ ಸಾಯತಕ್ಕವರನ್ನು ಕೊಂಡೊಯ್ದರೆ ಇತಿಹಾಸದ ಲೆಕ್ಕದಲ್ಲಿ ಬಾಕಿಯೇನೂ ಉಳಿಯದೆಂಬುದು ಅಲ್ಲಿಯ ಯುಕ್ತಿ.

ಇಷ್ಟೆಲ್ಲ ಆರ್ಭಟವೂ ಕೊನೆಗೆ ಬಂದು ನಿಲ್ಲುವುದು 1921ರಲ್ಲಿ, ಓಝಾರ್ಕ್ ಬೆಟ್ಟಸೀಮೆಯ ಒಂದು ಹುಲ್ಲುಗಾವಲಿನಲ್ಲಿ. ಜಾನ್ ಬಾರ್ ಎಂಬ ಬಡಹುಡುಗನು ನಡೆದು ಬರುತ್ತಿದ್ದಾನೆ. ಅವನ ಮುಂದೆ ಹಳೆಯ ಫೋರ್ಡ್ ಮೋಟಾರಿನಿಂದ ಕಳಚಿ ಬಿದ್ದ, ತುಕ್ಕು ಹಿಡಿದ ಅಯಸ್ಕಾಂತದ ತುಂಡೊಂದು ಇದೆ. ಅವನು ಬಗ್ಗಿ ಅದನ್ನು ಕೈಗೆತ್ತಿಕೊಂಡನೋ, ಅದು ಕಬ್ಬಿಣವನ್ನು ಸೆಳೆಯುವ ವಿಸ್ಮಯವು ಅವನಲ್ಲಿ ಜಿಜ್ಞಾಸೆಯ ಕಿಡಿ ಹೊತ್ತಿಸಿ, ಅವನು ವಿಜ್ಞಾನಿಯಾಗಿ, ಅವನ ಶೋಧದ ಫಲವಾಗಿ ಮುಂದೊಂದು ಕಾಲಕ್ಕೆ ಅವನದೇ ಹೆಸರಿನ ನಗರಿ ಏಳುತ್ತದೆ. ಅಯಸ್ಕಾಂತ ಅಲ್ಲಿಲ್ಲದೆ ಹೋಗಿ, ಅವನು ಅಲ್ಲೇ ಇದ್ದ ಹರಳುಕಲ್ಲೊಂದನ್ನು ಎತ್ತಿಕೊಂಡನೋ, ಅವನು ಊರೂರು ಅಲೆಯುವ ಕೂಲಿಯಾಗಿ ಸವೆದುಹೋಗುತ್ತಾನೆ. ಅದೇ ಶೋಧವು ತಡವಾಗಿ ಬೇರೆ ಕೈಗೆ ಸಿಕ್ಕಿ, ದುಷ್ಟಶಕ್ತಿಯಾಗಿ ಬೆಳೆದು, ಗೈರೋಂಚಿ ತಲೆಯೆತ್ತುತ್ತದೆ. ಗೈರೋಂಚಿಯವರು ಮಾಡಿದ ಮಹಾಪರಾಕ್ರಮವೆಂದರೆ, ಆ ಕಬ್ಬಿಣದ ತುಂಡನ್ನು ಕದ್ದದ್ದು. ಸತ್ತು ಬದುಕಿದ ವೀರರ ಮಹಾಕಾರ್ಯವೆಂದರೆ, ಅದನ್ನು ಮರಳಿ ತಂದು ಹುಲ್ಲಿನಲ್ಲಿಡುವುದು.

ಇದು ಎಷ್ಟು ಹೊಸ ಕಲ್ಪನೆಯೆಂಬುದು ಹಿಂದಿನವರನ್ನು ನೋಡಿದರೆ ತಿಳಿಯುತ್ತದೆ. ನಮ್ಮ ಪುರಾಣದ ಕಕುದ್ಮಿರಾಜನು ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗಿ ಹಿಂದಿರುಗುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿರುತ್ತವೆ. ಆದರೆ ಹೋದ ಯುಗಗಳನ್ನು ತಿದ್ದಬೇಕೆಂದು ಅವನಿಗೆ ತೋರುವುದಿಲ್ಲ. ಅಮೆರಿಕದ ಎಡ್ವರ್ಡ್ ಎವರೆಟ್ ಹೇಲ್ 1881ರಲ್ಲಿ ಬರೆದ ‘ಹ್ಯಾಂಡ್ಸ್ ಆಫ್’ ಎಂಬ ಕಥೆಯಲ್ಲಿ, ದೇಹಮುಕ್ತ ಜೀವವೊಂದು ಬೈಬಲ್ಲಿನ ಜೋಸೆಫನು ಈಜಿಪ್ಟಿಗೆ ದಾಸನಾಗಿ ಹೋಗದಂತೆ ಕರುಣೆಯಿಂದ ಅಡ್ಡಬಂದು, ಅದರ ಫಲವಾಗಿ ಲೋಕವೇ ಹಾಳಾಗುವುದನ್ನು ನೋಡುತ್ತದೆ. ಇಲ್ಲಿ ತಿದ್ದುವಿಕೆ ಇದೆ, ಆದರೆ ಪ್ರತಿಪಕ್ಷವಿಲ್ಲ. 1889ರಲ್ಲಿ ಮಾರ್ಕ್ ಟ್ವೇನನ ಯಾಂಕಿಯು ಆರ್ಥರ್ ರಾಜನ ಆಸ್ಥಾನವನ್ನು ಸುಧಾರಿಸಲು ಒಬ್ಬಂಟಿಯಾಗಿ ಹೆಣಗಿ ಸೋಲುತ್ತಾನೆ. 1895ರಲ್ಲಿ ವೆಲ್ಸ್ ಮಹಾಶಯನು ಕಾಲಯಂತ್ರವನ್ನೇ ನಿರ್ಮಿಸಿಕೊಟ್ಟರೂ ಅವನ ಪ್ರಯಾಣಿಕನು ಮುಂದಿನ ಕಾಲವನ್ನು ಕಂಡುಬರುವುದಕ್ಕೆ ಹೋದನೇ ಹೊರತು ಹಿಂದಿನದನ್ನು ಮುಟ್ಟಲಿಲ್ಲ. ಇನ್ನೂ ಹುಟ್ಟದಿರುವ ಎರಡು ಲೋಕಗಳು ತಮ್ಮ ತಮ್ಮ ಹುಟ್ಟಿಗಾಗಿ ಹಿಂದಿನ ಒಂದು ಕ್ಷಣದ ಮೇಲೆ ಕೈಹಾಕಿ ಜಗ್ಗುವ ಕಲ್ಪನೆಯು ಇವರಾರಲ್ಲಿಯೂ ಇರಲಿಲ್ಲ.

ಈ ಧಾರಾವಾಹಿಯನ್ನು ಬರೆದಾತನು ಜ್ಯಾಕ್ ವಿಲಿಯಮ್‌ಸನ್. 1908ರಲ್ಲಿ ಅರಿಜೋನಾ ಪ್ರಾಂತದ ಬಿಸ್ಬಿಯಲ್ಲಿ ಜನಿಸಿ, 1915ರಲ್ಲಿ ಮನೆಮಂದಿಯೊಡನೆ ಕಮಾನುಬಂಡಿಯಲ್ಲಿ ನ್ಯೂ ಮೆಕ್ಸಿಕೋದ ಒಣನೆಲಕ್ಕೆ ಬಂದು, ಮಳೆ ಬಂದರೆ ಬಂತು ಇಲ್ಲವಾದರೆ ಇಲ್ಲವೆಂಬ ಬೇಸಾಯದ ನಡುವೆ ಬೆಳೆದವನು. ಇಂಥ ಹುಡುಗನ ಕೈಗೆ ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆಯ ಸಂಚಿಕೆಯೊಂದು ಬಿದ್ದಿತು. 1928ರ ಡಿಸೆಂಬರಿನಲ್ಲಿ ಅದೇ ಪತ್ರಿಕೆಯಲ್ಲಿ ಅವನ ಮೊದಲನೆಯ ಕಥೆ ಅಚ್ಚಾಯಿತು. ಆ ಸಂಚಿಕೆ ಅವನಿಗೆ ಸಿಕ್ಕದಿದ್ದರೆ ಏನಾಗುತ್ತಿತ್ತೆಂದು ಹೇಳುವುದಕ್ಕೆ ಯಾರಿಂದಲೂ ಆಗದು. ಆದರೆ ಹುಲ್ಲಿನಲ್ಲಿ ಬಿದ್ದ ಅಯಸ್ಕಾಂತವನ್ನು ಕಲ್ಪಿಸಿದ ಲೇಖಕನಿಗೆ ಆ ಪ್ರಶ್ನೆ ಹೊಸದಾಗಿರಲಾರದೆಂದೂ, ಜಾನ್ ಬಾರನ ಬರಿಗಾಲುಗಳಲ್ಲಿ ಅವನ ಸ್ವಂತ ಊರಿನ ಧೂಳು ಮೆತ್ತಿರಬೇಕೆಂದೂ ನನಗೆ ತೋರುತ್ತದೆ. ಆತನು ಪೋರ್ಟಾಲಿಸ್ ಎಂಬ ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದು, ವೃದ್ಧಾಪ್ಯದಲ್ಲಿಯೂ ಬರೆಯುತ್ತಲೇ ಇದ್ದು, 2006ರಲ್ಲಿ ತೊಂಬತ್ತೆಂಟರ ತುಂಬು ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡನು.

ಅವನ ಧಾರಾವಾಹಿ ಪ್ರಕಟವಾದ ಮುಂದಿನ ಹದಿನೈದು ವರ್ಷಗಳಲ್ಲಿ ಇಂಥ ಕಥೆಗಳೇನೋ ಬಹಳ ಬಂದುವು. ನಿಂತು ನೋಡಬೇಕಾದುದು 1955ರಲ್ಲಿ. ಆ ವರ್ಷ ಐಸಾಕ್ ಅಸಿಮೋವ್ ‘ದಿ ಎಂಡ್ ಆಫ್ ಎಟರ್ನಿಟಿ’ಯಲ್ಲಿ ಇತಿಹಾಸ ತಿದ್ದುವ ಕೆಲಸವನ್ನು ಒಂದು ಸರಕಾರೀ ಇಲಾಖೆಯನ್ನಾಗಿ ಮಾಡಿದನು. ಅಲ್ಲಿಯ ನೌಕರ ಹಾರ್ಲನ್ ಯಂತ್ರವೊಂದನ್ನು ತುಸು ಕೆಡಿಸುತ್ತಾನೆ. ಯುವಕನೊಬ್ಬನಿಗೆ ಒಂದು ಉಪನ್ಯಾಸ ತಪ್ಪಿಹೋಗುತ್ತದೆ. ಮುಂದಿನ ಶತಮಾನದ ಯುದ್ಧವೊಂದು ನಡೆಯದೆಯೇ ಹೋಗುತ್ತದೆ. ಅಯಸ್ಕಾಂತದ ವಂಶವೇ ಇದು. ಭೇದವೆಂದರೆ, ಇಲ್ಲಿ ಅಳಿಸಿಹೋದ ಜೀವಗಳಿಗಾಗಿ ಯಾರೂ ಕತ್ತಿ ಹಿರಿಯುವುದಿಲ್ಲ, ಕಡತ ಮುಚ್ಚುತ್ತಾರೆ. ಅದೇ ವರ್ಷ ಪೌಲ್ ಆಂಡರ್ಸನ್ ತನ್ನ ‘ಟೈಮ್ ಪ್ಯಾಟ್ರೋಲ್’ ಎಂಬ ಕಾಲರಕ್ಷಕ ಪೊಲೀಸರನ್ನು ಸೃಷ್ಟಿಸಿದನು. ಅವನ ‘ಡೆಲೆಂಡಾ ಎಸ್ಟ್’ ಕಥೆಯಲ್ಲಿ ದ್ರೋಹಿಗಳಿಬ್ಬರು ಕ್ರಿಸ್ತಪೂರ್ವ 218ರ ಟಿಸಿನಸ್ ಕದನದಲ್ಲಿ ತರುಣ ಸ್ಕಿಪಿಯೋವನ್ನು ಕೊಲ್ಲಿಸಿ, ರೋಮ್ ಅಳಿದು ಕಾರ್ಥೇಜ್ ಉಳಿಯುವಂತೆ ಮಾಡುತ್ತಾರೆ. ರಕ್ಷಕನಾದ ಎವರಾರ್ಡ್ ಕಾಲಿಟ್ಟ ಆ ಬದಲಾದ ಲೋಕದಲ್ಲಿ ನಗರಗಳಿವೆ, ಮಕ್ಕಳಿದ್ದಾರೆ, ಅವನಿಗೆ ಆಶ್ರಯ ಕೊಟ್ಟ ಡೀರ್ಡ್ರೆ ಎಂಬ ವಿದುಷಿಯಿದ್ದಾಳೆ. ‘ಸರಿಯಾದ’ ಇತಿಹಾಸವನ್ನು ಪುನಃಸ್ಥಾಪಿಸುವುದೆಂದರೆ ಅವಳ ಜಗತ್ತನ್ನೆಲ್ಲ ಇಲ್ಲವಾಗಿಸುವುದು. ಅವನು ಅದನ್ನು ಮಾಡಿಯೇ ತೀರುತ್ತಾನೆ. ಆದರೆ ಗೆದ್ದವನ ಸಂತೋಷದಿಂದ ಮಾಡುವುದಿಲ್ಲ.

1958ರಲ್ಲಿ ಫ್ರಿಟ್ಜ್ ಲೈಬರ್ ಈ ಸಮರವನ್ನು ರಂಗಮಂಚಕ್ಕೆ ತಂದನೆನ್ನಬಹುದು. ಶೇಕ್ಸ್‌ಪಿಯರ್ ನಾಟಕಗಳನ್ನಾಡುತ್ತ ಊರೂರು ತಿರುಗಿದ ನಟದಂಪತಿಗಳ ಮಗನಾದ ಅವನು ‘ದಿ ಬಿಗ್ ಟೈಮ್’ ಕಾದಂಬರಿಯನ್ನು ಕಾಲದ ಹೊರಗಿನ ಒಂದೇ ಕೊಠಡಿಯಲ್ಲಿ ನಡೆಯಿಸಿದನು. ಜೇಡಗಳೆಂಬ ಪಕ್ಷಕ್ಕೂ ಹಾವುಗಳೆಂಬ ಪಕ್ಷಕ್ಕೂ ಯುಗಯುಗಾಂತರಗಳಲ್ಲಿ ಹಬ್ಬಿದ ಯುದ್ಧದಲ್ಲಿ ದಣಿದು ಬಂದ ರೋಮನ್ ಸೈನಿಕನೂ ಜರ್ಮನ್ ಅಧಿಕಾರಿಯೂ ಕ್ರೀಟ್ ದ್ವೀಪದ ವೀರವನಿತೆಯೂ ಅಲ್ಲಿ ವಿಶ್ರಮಿಸುತ್ತಾರೆ. ತಮ್ಮನ್ನು ಕಾದಲು ಕಳುಹಿಸಿದವರು ಯಾರೆಂದು ಅವರಿಗೇ ತಿಳಿಯದು. ಯುದ್ಧದ ಒಂದು ದೃಶ್ಯವನ್ನೂ ತೋರಿಸದ ಈ ಯುದ್ಧಕಾದಂಬರಿಗೆ ಆ ವರ್ಷದ ಹ್ಯೂಗೋ ಪುರಸ್ಕಾರ ಸಂದಿತು. ಅದೇ ಮಾಲಿಕೆಯ ಒಂದು ಸಣ್ಣ ಕಥೆಯಲ್ಲಿ ಲೈಬರನು ಇನ್ನೊಂದು ಮಾತನ್ನೂ ಸೇರಿಸಿದನು: ಭೂತಕಾಲವು ಅಷ್ಟು ಸುಲಭವಾಗಿ ಬಾಗುವುದಿಲ್ಲ. ಗುಂಡೇಟಿನಿಂದ ಸತ್ತವನೊಬ್ಬನು ಹಿಂದಕ್ಕೆ ಹೋಗಿ ಆ ಗುಂಡನ್ನು ತಪ್ಪಿಸಲು ಏನೇನು ಉಪಾಯ ಹೂಡಿದರೂ, ಕಡೆಗೆ ಆಕಾಶದಿಂದ ಬಿದ್ದ ಉಲ್ಕೆಯೊಂದು ಅವನ ಹಣೆಯಲ್ಲಿ ಅದೇ ರಂಧ್ರವನ್ನು ಕೊರೆಯುತ್ತದೆ.

ಇವರೆಲ್ಲರಿಗಿಂತ ನನಗೆ ಪ್ರಿಯನಾದವನು ಒಬ್ಬ ಕಳ್ಳಸಂನ್ಯಾಸಿ. 1965ರ ಜುಲೈ ತಿಂಗಳಲ್ಲಿ ಬಿಬಿಸಿಯು ‘ಡಾಕ್ಟರ್ ಹೂ’ ಮಾಲಿಕೆಯಲ್ಲಿ ಡೆನಿಸ್ ಸ್ಪೂನರ್ ಬರೆದ ‘ದಿ ಟೈಮ್ ಮೆಡ್ಲರ್’ ಎಂಬ ನಾಲ್ಕು ಕಂತುಗಳ ಕಥೆಯನ್ನು ಪ್ರಸಾರ ಮಾಡಿತು. 1066ರ ಇಂಗ್ಲೆಂಡಿನ ಕಡಲತೀರದ ಮಠದಲ್ಲಿ ಸಂನ್ಯಾಸಿವೇಷದ ಕಾಲಯಾತ್ರಿಕನೊಬ್ಬನು ಬೀಡುಬಿಟ್ಟಿದ್ದಾನೆ. ಮಠದಿಂದ ಕೇಳಿಬರುವ ಗಂಭೀರ ಸ್ತೋತ್ರಪಾಠವು ಗ್ರಾಮಫೋನಿನದು. ಗೋಡೆಯ ಮೇಲೆ ಅವನ ಕಾರ್ಯಸೂಚಿ ತೂಗುತ್ತಿದೆ, ಅಣುತೋಪನ್ನು ಹೂಡುವುದು, ವೈಕಿಂಗರ ನೌಕೆಗಳನ್ನು ಮುಳುಗಿಸುವುದು, ಹೇಸ್ಟಿಂಗ್ಸ್ ಕದನ, ಹೆರಾಲ್ಡ್ ರಾಜನ ಭೇಟಿ ಎಂದು ಕ್ರಮವಾಗಿ. ಅವನ ದುರುದ್ದೇಶವೇನು? ಹೆರಾಲ್ಡನು ಗೆದ್ದರೆ ಯೂರೋಪಿನ ದೀರ್ಘಯುದ್ಧಗಳು ತಪ್ಪಿ, 1320ರ ವೇಳೆಗೆ ಜೆಟ್ ವಿಮಾನಗಳು ಹಾರಾಡಿ, ಶೇಕ್ಸ್‌ಪಿಯರನು ತನ್ನ ಹ್ಯಾಮ್ಲೆಟ್ಟನ್ನು ಟೆಲಿವಿಷನ್ನಿನಲ್ಲಿಯೇ ಆಡಿಸಬಹುದೆಂಬ ಲೋಕೋಪಕಾರದ ಹುಮ್ಮಸ್ಸು! ಅಷ್ಟೇ ಅಲ್ಲ; 1968ರಲ್ಲಿ ಲಂಡನ್ನಿನ ಬ್ಯಾಂಕಿನಲ್ಲಿ ಇನ್ನೂರು ಪೌಂಡುಗಳನ್ನಿಟ್ಟು, ಇನ್ನೂರು ವರ್ಷ ಮುಂದಕ್ಕೆ ಹಾರಿ ಚಕ್ರಬಡ್ಡಿಯನ್ನು ಬಾಚಿಕೊಂಡ ಜಾಣ ಅವನು. ಪೀಟರ್ ಬಟರ್‌ವರ್ತನ ನಗೆಮೊಗದ ಈ ಸಂನ್ಯಾಸಿಯನ್ನು ದ್ವೇಷಿಸುವುದು ಯಾರಿಗೂ ಕಷ್ಟ. ಮಾಲಿಕೆಯ ನಾಯಕನಾದ ಡಾಕ್ಟರನೂ ಅವನನ್ನು ಕೊಲ್ಲದೆ, ಅವನ ಕಾಲನೌಕೆಯ ಒಳಭಾಗವು ಆಟಿಕೆಯಷ್ಟು ಕುಗ್ಗುವಂತೆ ಮಾಡಿ ಹೊರಟುಹೋಗುತ್ತಾನೆ.

ಇತಿಹಾಸವನ್ನು ಮುಟ್ಟಬಾರದೆಂದು ಮಕ್ಕಳಿಗೆ ಪಾಠ ಹೇಳಿದ ಆ ಸಂಸ್ಥೆಯೇ ತನ್ನ ಇತಿಹಾಸಕ್ಕೆ ಮಾಡಿದ್ದೇನು? ಬೆಲೆಬಾಳುವ ಟೇಪುಗಳು ಮತ್ತೆ ಉಪಯೋಗಕ್ಕೆ ಬರಲೆಂದು, ಹಳೆಯ ಕಂತುಗಳಿಂದ ಇನ್ನೇನೂ ಪ್ರಯೋಜನವಿಲ್ಲವೆಂದು, ಸಾಲುಸಾಲಾಗಿ ಅಳಿಸಿಹಾಕಿತು. ಆ ಮಾಲಿಕೆಯ 90ಕ್ಕೂ ಹೆಚ್ಚು ಕಂತುಗಳು ಇಂದಿಗೂ ಇಲ್ಲ. ಸಂನ್ಯಾಸಿಯ ಕಥೆ ಉಳಿದದ್ದು, ಹೊರದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳು 1980ರ ದಶಕದಲ್ಲಿ ನೈಜೀರಿಯದಿಂದ ಮರಳಿದುದರಿಂದ; ಅದರಲ್ಲಿಯೂ ಕೆಲವು ಸೆಕೆಂಡುಗಳ ದೃಶ್ಯ ಕತ್ತರಿಗೆ ಸಿಕ್ಕಿ ಹೋಗಿದೆ. ಯಾವ ಶತ್ರುವೂ ಬೇಕಾಗಲಿಲ್ಲ, ಉಗ್ರಾಣದ ಲೆಕ್ಕಾಚಾರವೇ ಸಾಕಾಯಿತು.

1984ರ ‘ಟರ್ಮಿನೇಟರ್’ ಚಿತ್ರದಲ್ಲಿ ಅಯಸ್ಕಾಂತದ ಸ್ಥಾನಕ್ಕೆ ತಾಯಿಯೊಬ್ಬಳು ಬಂದಳು. ಆಕೆಯ ಹುಟ್ಟಲಿರುವ ಮಗನಿಗಾಗಿ ಒಬ್ಬನು ಕೊಲ್ಲಲು ಬಂದನು, ಒಬ್ಬನು ಕಾಯಲು ಬಂದನು. ಆ ಚಿತ್ರಕ್ಕೆ ಬಿಗುವಿದೆ. ಅದನ್ನು ಅನುಕರಿಸಿದವುಗಳಲ್ಲಿ ಬಹುಪಾಲಿಗೆ ಬಂದೂಕು ಮಾತ್ರ ಉಳಿಯಿತು. ಶತ್ರುಪಕ್ಷದ ಭವಿಷ್ಯವೆಂದರೆ ಬರಿಯ ಬೂದಿ. ಅದನ್ನು ಅಳಿಸಲು ಯಾರ ಕೈಯೂ ನಡುಗಬೇಕಾಗಿಲ್ಲ. ಇದು ಸುಲಭ, ಆದುದರಿಂದಲೇ ನೀರಸ. 2019ರಲ್ಲಿ ಅಮಲ್ ಎಲ್-ಮೊಹ್ತಾರ್ ಮತ್ತು ಮ್ಯಾಕ್ಸ್ ಗ್ಲ್ಯಾಡ್‌ಸ್ಟನ್ ಬರೆದ ಕಿರುಕಾದಂಬರಿಯಲ್ಲಿ ಪ್ರತಿಪಕ್ಷಗಳ ಗೂಢಚಾರಿಣಿಯರಾದ ರೆಡ್, ಬ್ಲೂ ಎಂಬವರು ಕಾಲದ ಎಳೆಗಳಲ್ಲಿ ಒಬ್ಬರಿಗೊಬ್ಬರು ಕದ್ದು ಪತ್ರ ಬರೆಯುತ್ತ ಅನುರಕ್ತರಾದಾಗ, ವಿಮರ್ಶಕರು ಅದನ್ನು ಅಪೂರ್ವವೆಂದು ಹೊಗಳಿದರು. ಹೊಗಳಿಕೆ ನ್ಯಾಯವಾದದ್ದೇ. ಆದರೆ ಒರಟು ಕಾಗದದ ಆ ಹಳೆಯ ಧಾರಾವಾಹಿಯು ಮುಗಿದದ್ದು ಹೇಗೆ? ಅಯಸ್ಕಾಂತವನ್ನು ಮರಳಿ ಇಟ್ಟ ಮೇಲೆ ಲ್ಯಾನಿಂಗನು ಕಾಣುವುದು, ಲೆಥೋನಿಯೂ ಸೊರೈನಿಯಾಳೂ ಒಬ್ಬಳೇ ಸ್ತ್ರೀಯಾಗಿ, ಎರಡು ಭವಿಷ್ಯಗಳೂ ಒಂದಾಗಿ ಬೆರೆತುದನ್ನು. ಕಥೆಗಾರನಾಗಿ ವಿಲಿಯಮ್‌ಸನ್ ಅಲ್ಲಿ ಕೊಂಚ ಎಡವಿದನೆಂದು, ಗಂಟು ಬಿಚ್ಚಲಾರದೆ ಕತ್ತರಿಸಿದನೆಂದು ಹೇಳುವವರಿದ್ದಾರೆ. ಇರಬಹುದು. ಗೆದ್ದವರ ಲೋಕದಲ್ಲಿ ಸೋತವರಿಗೂ ಅಷ್ಟು ಜಾಗ ಬಿಟ್ಟುಕೊಟ್ಟವನ ಎಡವನ್ನು ನಾನು, ಇಂದಿನವರ ನೆಟ್ಟನೆಯ ನಡೆಗಿಂತ ಹೆಚ್ಚಾಗಿ ಗೌರವಿಸುತ್ತೇನೆ.