ತೆಳು ಗಾಳಿಗಾಗಿ ಹುಟ್ಟಿದ ಚೀತಾ

2020ರಲ್ಲಿ ಸಿನಿಮಾ ಬಂದ ಮೇಲೆ ವಾಯುಪಡೆಯ ಪೈಲಟ್ ಗುಂಜನ್ ಸಕ್ಸೇನಾ ಹೆಸರು ಮುಂಬೈ ಬಳಿಯ ವಿಠ್ಠಲವಾಡಿ, ಡೊಂಬಿವಲಿಯ ನಮ್ಮ ಕನ್ನಡ ಮನೆಗಳಿಗೂ ಪರಿಚಿತ. 1999ರ ಕಾರ್ಗಿಲ್ ಯುದ್ಧದಲ್ಲಿ ಅವರೂ ಶ್ರೀವಿದ್ಯಾ ರಾಜನ್ ಅವರೂ ಹಾರಿಸಿದ್ದು ಚೀತಾ ಹೆಲಿಕಾಪ್ಟರ್. ಅದನ್ನು ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್. ಆ ಯಂತ್ರ ಹುಟ್ಟಿದ ಕತೆಯೂ ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಹಿಮಾಲಯದಲ್ಲಿ ಮೇಲೇರಿದಷ್ಟೂ ಗಾಳಿ ತೆಳುವಾಗುತ್ತದೆ. ತಿರುಗುವ ರೆಕ್ಕೆಗೆ ಒತ್ತಲು ಗಾಳಿ ಸಾಲದು, ಎಂಜಿನ್ನಿಗೂ ಸಾಲದು. ಅಂಥ ಎತ್ತರದಲ್ಲಿ ಇಳಿದು ಮತ್ತೆ ಏಳಬಲ್ಲ ಹೆಲಿಕಾಪ್ಟರ್ ಬೇಕೆಂದು 1968ರಲ್ಲಿ ಭಾರತ ಕೇಳಿತು. ಫ್ರಾನ್ಸಿನ ಎಂಜಿನಿಯರುಗಳು ತಮ್ಮಲ್ಲಿದ್ದ ಅಲುಎಟ್-2 ಹೆಲಿಕಾಪ್ಟರಿನ ಹಗುರ ಮೈಯನ್ನೇ ಗಟ್ಟಿಗೊಳಿಸಿ, ಅದಕ್ಕೆ ಅಲುಎಟ್-3ರ ಎಂಜಿನ್ ಮತ್ತು ರೆಕ್ಕೆ ಕೂರಿಸಿದರು.

ಜಾಣ್ಮೆ ಇದ್ದದ್ದು ಎಂಜಿನ್ನಿನ ಲೆಕ್ಕಾಚಾರದಲ್ಲಿ. 870 ಅಶ್ವಶಕ್ತಿಯ ಆರ್ಟೂಸ್ಟ್ ಎಂಜಿನ್ನಿಗೆ 550ರ ಮಿತಿ ಹಾಕಿದರು. ಕೆಳಗೆ ಬಳಸದೆ ಉಳಿಸಿದ ಶಕ್ತಿ ಎತ್ತರಕ್ಕೆ ಮೀಸಲು. ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತಾ ಹೋದರೂ ಬಹಳ ಎತ್ತರದವರೆಗೆ ಆ 550ಕ್ಕೆ ಕೊರತೆಯಾಗದು. 1969ರ ಮಾರ್ಚ್ 17ರಂದು ಈ ಹೆಲಿಕಾಪ್ಟರ್ ಮೊದಲು ಹಾರಿತು. ಅದೇ ವರ್ಷ ಹಿಮಾಲಯದಲ್ಲಿ 7,500 ಮೀಟರ್ ಎತ್ತರದಲ್ಲಿ ಇಳಿದು, ಮತ್ತೆ ಮೇಲೆದ್ದಿತು. 1972ರ ಜೂನ್ 21ರಂದು ಫ್ರೆಂಚ್ ಪೈಲಟ್ ಜ್ಯಾಂ ಬುಲೆ ಅದರಲ್ಲಿ 12,442 ಮೀಟರಿಗೇರಿ ದಾಖಲೆ ಮಾಡಿದಾಗ ಎಂಜಿನ್ ಆರಿಹೋಯಿತು. ಕೆಳಗಿನಿಂದ ನುಗ್ಗುವ ಗಾಳಿಗೆ ತಾನಾಗಿ ತಿರುಗುತ್ತಿದ್ದ ರೆಕ್ಕೆಯನ್ನೇ ನಂಬಿ ಅವರು ಸುರಕ್ಷಿತವಾಗಿ ಇಳಿದರು. ಫ್ರಾನ್ಸಿನಲ್ಲಿ 'ಲಾಮಾ' ಎನಿಸಿದ ಈ ಹೆಲಿಕಾಪ್ಟರ್ ಬೆಂಗಳೂರಿನಲ್ಲಿ ಪರವಾನಗಿಯ ಮೇಲೆ ತಯಾರಾಗಿ 'ಚೀತಾ' ಆಯಿತು.

ಯಂತ್ರವೇನೋ ಸಿಕ್ಕಿತು. ಅದನ್ನು ಹೆಣ್ಣುಮಕ್ಕಳೂ ಹಾರಿಸಬಹುದೆಂದು ಒಪ್ಪಲು ಮತ್ತೆರಡು ದಶಕ ಹಿಡಿಯಿತು. ವಾಯುಪಡೆ ಅವರನ್ನು ಪೈಲಟ್‌ಗಳಾಗಿ ಸೇರಿಸಿಕೊಂಡದ್ದು 1990ರ ದಶಕದಲ್ಲಿ. ಕಾರ್ಗಿಲ್‌ನಲ್ಲಿ ಗುಂಜನ್, ಶ್ರೀವಿದ್ಯಾ ಗಾಯಾಳುಗಳನ್ನು ಹೊತ್ತು ತಂದರು, ಸಾಮಗ್ರಿ ಮುಟ್ಟಿಸಿದರು, ಶತ್ರುಗಳ ಠಾಣ್ಯ ಗುರುತಿಸಿದರು. ಎದುರಾಳಿಯ ಬಳಿ ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳಿದ್ದವು. ಚೀತಾದಲ್ಲಿ ಒಂದು ಬಂದೂಕನ್ನೂ ಜೋಡಿಸಿರಲಿಲ್ಲ.

ಹೆಣ್ಣುಮಕ್ಕಳಿಗೆ ಯುದ್ಧವಿಮಾನದ ಬಾಗಿಲು ತೆರೆದದ್ದು 2016ರಲ್ಲಿ. ಆಮೇಲೆ ಚಿಕ್ಕಮಗಳೂರಿನ ಮೇಘನಾ ಶಾನಭೋಗ್ ಫೈಟರ್ ವಿಭಾಗಕ್ಕೆ ಆಯ್ಕೆಯಾದರು. ಚೀತಾದ ಶಕ್ತಿಯನ್ನು ಯಾರೂ ಕೂತು ಚರ್ಚಿಸಿ ತೀರ್ಮಾನಿಸಲಿಲ್ಲ. ಹಿಮಾಲಯಕ್ಕೆ ಒಯ್ದು ಹಾರಿಸಿ ನೋಡಿದರು. ಹೆಣ್ಣುಮಕ್ಕಳು ಕೇಳಿದ್ದೂ ಅದೇ ಪರೀಕ್ಷೆಯನ್ನು. ಕೊಟ್ಟಾಗಲೆಲ್ಲ ಪಾಸಾಗಿದ್ದಾರೆ.