ಶಕಕ್ಕೆ 78 ಕೂಡಿಸುವ ಮೊದಲು: ಶಾಸನ ದತ್ತಾಂಶದ ಟೈಪುಗಳಿಗೆ ಟಿಪ್ಪಣಿ ಯಾಕೆ ಬೇಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಶಾಸನಗಳನ್ನು ಪಟ್ಟಿ ಮಾಡಲು ಹೊರಟವರು ಇವತ್ತಲ್ಲ ನಾಳೆ ಒಂದಿಷ್ಟು ಕೋಡ್ ಬರೆಯಬೇಕಾಗುತ್ತೆ. ಶಕವರ್ಷವನ್ನು ಕ್ರಿಸ್ತಶಕಕ್ಕೆ ತಿರುಗಿಸೋದು, ಸಂವತ್ಸರ ತಾಳೆ ನೋಡೋದು, ಪಾಠದಲ್ಲಿ ಹುಡುಕೋದು ಎಲ್ಲವೂ ಪದೇ ಪದೇ ಬರುವ ಕೆಲಸ. ಆದ್ದರಿಂದ ಇವಕ್ಕೆ ಸಣ್ಣ ಸಹಾಯಕ ಫಂಕ್ಷನ್‌ಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಗೊಂಡು ಹೋಗ್ತಾರೆ. ಆದರೆ ಹೋಗೋದು ಫಂಕ್ಷನ್ ಮಾತ್ರ. ಅದನ್ನು ಹಾಗೆ ಯಾಕೆ ಬರೆದರು ಅನ್ನೋದು ಮೊದಲಿನವರ ತಲೆಯಲ್ಲೇ ಉಳಿಯುತ್ತೆ.

ಟೈಪ್‌ಸ್ಕ್ರಿಪ್ಟ್‌ನಂಥ ಭಾಷೆಯಲ್ಲಿ ಪ್ರತಿ ಮೌಲ್ಯಕ್ಕೂ ಒಂದು ‘ಟೈಪ್’ ಇರುತ್ತೆ. ಅಂದ್ರೆ ಇದು ಸಂಖ್ಯೆ, ಇದು ಪಠ್ಯ ಎಂಬ ಕರಾರು. ತೊಂದರೆ ಇಲ್ಲೇ ಶುರು. ಶಕ 990 ಕೂಡ ಸಂಖ್ಯೆ, ಕ್ರಿ.ಶ. 990 ಕೂಡ ಸಂಖ್ಯೆ. ಒಂದರ ಜಾಗದಲ್ಲಿ ಇನ್ನೊಂದು ಕೊಟ್ಟರೂ ಕಂಪೈಲರ್ ಕಮಕ್ ಕಿಮಕ್ ಅನ್ನೋದಿಲ್ಲ. ಅದಕ್ಕಾಗಿಯೇ ಸಂಖ್ಯೆಗೆ ಒಂದು ಗುರುತು ಅಂಟಿಸಿ ‘ಶಕವರ್ಷ’, ‘ಕ್ರಿಸ್ತವರ್ಷ’ ಎಂದು ಬೇರೆ ಬೇರೆ ಟೈಪ್ ಮಾಡ್ತಾರೆ. ಇದಕ್ಕೆ ಬ್ರ್ಯಾಂಡೆಡ್ ಟೈಪ್ ಅಂತ ಹೆಸರು. ಆದರೆ ಆ ಗುರುತು ಯಾಕಿದೆ ಎಂದು ಮೇಲೆ ಎರಡು ಸಾಲು ಬರೆಯದಿದ್ದರೆ, ಮುಂದೆ ಬಂದವರು ‘ಇದೇನು ಸುಮ್ನೆ ತಲೆನೋವು’ ಅಂತ ತೆಗೆದುಹಾಕ್ತಾರೆ.

ಈಗ ಶಕದಿಂದ ಕ್ರಿಸ್ತಶಕಕ್ಕೆ ತಿರುಗಿಸುವ ಫಂಕ್ಷನ್ ನೋಡೋಣ. ‘78 ಕೂಡಿಸು’ ಎಂಬುದು ಎಲ್ಲರಿಗೂ ಗೊತ್ತು. ಅದರ ಮೇಲಿನ ಟಿಪ್ಪಣಿಯಲ್ಲಿ ಮೊದಲು ಹೇಳಬೇಕಾದ್ದು: ಕೊಡುವ ವರ್ಷ ಗತವೋ ವರ್ತಮಾನವೋ? ಗತವರ್ಷಕ್ಕೆ 78, ವರ್ತಮಾನ ವರ್ಷಕ್ಕೆ 77. ಎರಡನೆಯದು: ಶಕವರ್ಷದ ಕೊನೆಯ ತಿಂಗಳುಗಳು ಮುಂದಿನ ಕ್ರಿಸ್ತವರ್ಷಕ್ಕೆ ಬೀಳುತ್ತವೆ, ಅಲ್ಲಿ 79 ಆಗುತ್ತೆ. ಇದನ್ನು ಕೆಲವರು ‘ಜನವರಿಯಿಂದ ಮಾರ್ಚ್‌ವರೆಗೆ 79’ ಎಂದು ಸುಲಭ ಮಾಡಿಕೊಳ್ತಾರೆ. ಹಡಗಲಿ ತಾಲ್ಲೂಕಿನ ಕುರುವತ್ತಿಗೆ ಬಂದರೆ ಈ ಸೂತ್ರ ಕೈಕೊಡುತ್ತೆ. ಒಂದನೆಯ ಸೋಮೇಶ್ವರ ಅಲ್ಲಿ ತುಂಗಭದ್ರೆಯಲ್ಲಿ ಪ್ರಾಣ ಬಿಟ್ಟ ದಿನ ಶಕ 990, ಕೀಲಕ ಸಂವತ್ಸರ, ಚೈತ್ರ ಬಹುಳ ಅಷ್ಟಮಿ. ಅಂದರೆ 1068ರ ಮಾರ್ಚ್ 29. ತಿಂಗಳು ಮಾರ್ಚ್, ಆದರೆ ಚೈತ್ರ ಬಂದು ಹೊಸ ವರ್ಷ ಶುರುವಾಗಿದೆ, ಕೂಡಿಸಬೇಕಾದ್ದು 78. ಸುಲಭ ಸೂತ್ರ ಹಿಡಿದರೆ 1069 ಬರುತ್ತೆ, ಸತ್ತ ದೊರೆಗೆ ಒಂದು ವರ್ಷ ಆಯುಸ್ಸು ಹೆಚ್ಚುತ್ತೆ! ಈ ಒಂದು ಉದಾಹರಣೆ ಟಿಪ್ಪಣಿಯಲ್ಲಿ ಇದ್ದರೆ ಹತ್ತು ಸಾಲಿನ ವಿವರಣೆಗಿಂತ ವಾಸಿ.

ಇಂಥದೇ ಇನ್ನೊಂದು ಗುಂಡಿ ಉತ್ತರಾಯಣ ಸಂಕ್ರಾಂತಿ. ಈಗ ಜನವರಿ ನಡುವೆ ಬರುವುದರಿಂದ ಕಣ್ಣು ಮುಚ್ಚಿ 79 ಹಾಕಿಬಿಡ್ತೀವಿ. ಆದರೆ 11-12ನೆಯ ಶತಮಾನದಲ್ಲಿ ಅದು ಆಗಿನ ಜೂಲಿಯನ್ ಲೆಕ್ಕದಲ್ಲಿ ಡಿಸೆಂಬರ್ 24-25ರ ಸುಮಾರಿಗೆ ಬೀಳುತ್ತಿತ್ತು. ಸಂಕ್ರಾಂತಿಗೆ ಕೊಟ್ಟ ದತ್ತಿ ಎಷ್ಟೊಂದು ಇವೆ ಎಂಬುದು ಈ ಬ್ಲಾಗಿನ ಓದುಗರಿಗೆ ಹೇಳಬೇಕಿಲ್ಲ.

ಸಂವತ್ಸರ ತಾಳೆ ನೋಡುವ ಫಂಕ್ಷನ್ ಚಿಕ್ಕದು: ಗತಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂಖ್ಯೆ; ಶೇಷ ಸೊನ್ನೆಯಾದರೆ ಅಕ್ಷಯ. 990ಕ್ಕೆ 42 ಬರುತ್ತೆ, ಅದು ಕೀಲಕ, ಸರಿಯಾಯ್ತು. ಬಾಗಳಿ ಕಲ್ಲೇಶ್ವರದ 987ರ ಶಾಸನದ ವರ್ಷಕ್ಕೆ, ಅಂದರೆ ಶಕ 909ಕ್ಕೆ, 21 ಬರುತ್ತೆ, ಸರ್ವಜಿತು. ಆದರೆ ಈ ಲೆಕ್ಕ ನಡೆಯೋದು 10ನೆಯ ಶತಮಾನದ ಆರಂಭದಿಂದೀಚೆಗೆ. ಅದಕ್ಕೂ ಹಿಂದೆ ಗುರುವಿನ ಚಲನೆಯನ್ನು ಅನುಸರಿಸಿ ನಡುವೆ ಸಂವತ್ಸರ ಬಿಟ್ಟುಹೋಗುವ ಪದ್ಧತಿ ಇತ್ತು. ಆ ಗಡಿ ಟಿಪ್ಪಣಿಯಲ್ಲಿ ಬರೆದಿರಲೇಬೇಕು, ಇಲ್ಲದಿದ್ದರೆ ಯಾರೋ ಅಮೋಘವರ್ಷನ ಶಾಸನಕ್ಕೂ ಇದನ್ನೇ ಓಡಿಸಿ ‘ಶಾಸನ ಖೋಟಾ’ ಅಂತ ತೀರ್ಪು ಕೊಟ್ಟಾರು. ಚಾಲುಕ್ಯ ವಿಕ್ರಮ ವರ್ಷಕ್ಕೆ 997 ಕೂಡಿಸಿದರೆ ಗತಶಕ. ಚಾ.ವಿ.ವ. 37 ಅಂದ್ರೆ ಶಕ 1034, ನಂದನ, ಕ್ರಿ.ಶ. 1112.

ಹಿರೇಹಡಗಲಿ ತಾಮ್ರಪಟ ಇನ್ನೂ ಬೇರೆ. ಪಲ್ಲವ ಶಿವಸ್ಕಂದವರ್ಮನ ಆ ಪ್ರಾಕೃತ ಶಾಸನದಲ್ಲಿ ಇರೋದು ಆಳ್ವಿಕೆಯ 8ನೆಯ ವರ್ಷ ಮಾತ್ರ, ಶಕ ಇಲ್ಲ. ಆದ್ದರಿಂದ ಕಾಲದ ಟೈಪ್ ಶಕ, ವಿಕ್ರಮವರ್ಷ, ಆಳ್ವಿಕೆವರ್ಷ, ಕಾಲವಿಲ್ಲ ಎಂಬ ನಾಲ್ಕರಲ್ಲಿ ಒಂದಾಗಿರಬೇಕು. ಆಳ್ವಿಕೆವರ್ಷ ಕೊಟ್ಟರೆ ಫಂಕ್ಷನ್ ಊಹೆ ಮಾಡದೆ ಖಾಲಿ ಹಿಂತಿರುಗಿಸುತ್ತೆ ಎಂದೂ ಬರೆಯಿರಿ.

ಇನ್ನು ಸಿದ್ಧ ಯುಟಿಲಿಟಿ ಟೈಪುಗಳು. ‘ಪಾರ್ಷಿಯಲ್’ ಎಲ್ಲ ಕಲಮುಗಳನ್ನೂ ಐಚ್ಛಿಕ ಮಾಡುತ್ತೆ. ಕ್ಷೇತ್ರಕಾರ್ಯದಲ್ಲಿ ಕಲ್ಲು ಅರ್ಧ ಹೂತಿರುವಾಗ ಇದು ಅನುಕೂಲವೇ, ಆದರೆ ಊರಿನ ಹೆಸರೂ ಐಚ್ಛಿಕವಾಗಿಬಿಡುತ್ತೆ. ‘ಪಿಕ್’, ‘ಓಮಿಟ್’ ಸೇರಿಸಿ, ಊರು ಮತ್ತು ಕಲ್ಲು ಈಗಿರುವ ಜಾಗ ಎರಡನ್ನು ಕಡ್ಡಾಯವಾಗಿಸಿ ‘ಕ್ಷೇತ್ರಟಿಪ್ಪಣಿ’ ಎಂಬ ಸ್ವಂತ ಟೈಪ್ ಮಾಡಿಕೊಳ್ಳುವುದು ಮೇಲು. ಊರು ಅಂದಮೇಲೆ, ನೀಲಗುಂದ ಹರಪನಹಳ್ಳಿ ತಾಲ್ಲೂಕಿನಲ್ಲೂ ಇದೆ, ಗದಗ ಕಡೆಯೂ ಇದೆ. ತಾಲ್ಲೂಕಿಗೂ ಎರಡು ಕಲಮು ಬೇಕು: ವರದಿಯಾದಾಗಿನದು, ಈಗಿನದು. ದಕ್ಷಿಣ ಭಾರತ ಶಾಸನಗಳ 9ನೆಯ ಸಂಪುಟ ಬಂದಾಗ ಇವೆಲ್ಲ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕೇ.

ಹೆಸರುಗಳ ಬಗ್ಗೆ ಒಂದು ಮಾತು. ಟೈಪ್‌ಸ್ಕ್ರಿಪ್ಟ್‌ನಲ್ಲಿ ಕನ್ನಡದಲ್ಲೇ ಹೆಸರಿಡಬಹುದು. ಆದರೆ ಅಕ್ಷರ ಬಿಡಿಸುವ ಕಾಣದ ಚಿಹ್ನೆ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಕಣ್ಣಿಗೆ ಒಂದೇ ಥರ ಕಂಡರೂ ಅವು ಎರಡು ಹೆಸರು. ಹಾಗಾಗಿ ಹೆಸರು ರೋಮನ್ ಅಕ್ಷರದಲ್ಲಿ, ಟಿಪ್ಪಣಿ ಕನ್ನಡದಲ್ಲಿ ಇರಲಿ ಅನ್ನೋದು ನನ್ನ ಅಭಿಪ್ರಾಯ. ಟಿಪ್ಪಣಿಯನ್ನು ಓರೆಗೆರೆ, ಎರಡು ನಕ್ಷತ್ರ ಹಾಕಿ ಶುರುಮಾಡಿದರೆ, ಬಳಸುವವರು ಹೆಸರಿನ ಮೇಲೆ ಮೌಸ್ ಇಟ್ಟಾಗ ಎಡಿಟರ್ ಅದನ್ನು ತೋರಿಸುತ್ತೆ.

ಕೊನೆಯದು, ನನಗೆ ಹೆಚ್ಚು ಭಯ ಹುಟ್ಟಿಸುವ ಫಂಕ್ಷನ್: ಆವರಣ ತೆಗೆಯುವುದು. ಸಂಪಾದಕರು ಸವೆದ, ಅನುಮಾನದ ಅಕ್ಷರಗಳನ್ನು ಚೌಕ ಆವರಣದಲ್ಲಿ ಹಾಕಿರ್ತಾರೆ. ಹುಡುಕಾಟಕ್ಕೆ ಆವರಣ ಅಡ್ಡಿ, ತೆಗೆಯಲೇಬೇಕು. ಆದರೆ ತೆಗೆದ ಪಾಠವನ್ನೇ ಯಾರಾದರೂ ಉಲ್ಲೇಖಿಸಿದರೆ, ಸಂಪಾದಕರ ಊಹೆ ಕಲ್ಲಿನ ಅಕ್ಷರವಾಗಿಬಿಡುತ್ತೆ. ಇದರ ಫಲಿತಾಂಶಕ್ಕೆ ‘ಹುಡುಕುಪಾಠ’ ಎಂದು ಬೇರೆಯೇ ಬ್ರ್ಯಾಂಡ್ ಹಾಕಿ, ಪ್ರಕಟಿಸುವ ಫಂಕ್ಷನ್ ‘ಮೂಲಪಾಠ’ವನ್ನು ಮಾತ್ರ ಸ್ವೀಕರಿಸುವಂತೆ ಕಟ್ಟಿ. ಟಿಪ್ಪಣಿಯ ಮೊದಲ ಸಾಲು ‘ಹುಡುಕಲು ಮಾತ್ರ, ಉಲ್ಲೇಖಕ್ಕಲ್ಲ’ ಎಂದಿರಲಿ.