ಬೀಡಿ ನೆನಪಾದಾಗ ಕಣ್ಣಮುಂದೆ ಏನು ತರಬೇಕು?



ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಸಂಘದ ಸಭೆಗಳಲ್ಲಿ ಕುಡಿತದ ವಿಷಯ ಬಂದರೆ ಎಲ್ಲರೂ ಮಾತಾಡುತ್ತೀರಿ. ಬೀಡಿಯ ವಿಷಯ ಬಂದರೆ ಮಾತ್ರ “ಅದೇನ್ ಬಿಡ್ರಿ ಸಿಸ್ಟರ್, ಗಂಡಸ್ರು ಸೇದ್ತಾರ” ಎಂದು ಸುಮ್ಮನಾಗುತ್ತೀರಿ. ಆದರೆ ಮನೆಯ ದುಡ್ಡು, ಮನೆಯವರ ಉಸಿರು ಎರಡೂ ಅದರಲ್ಲಿ ಸುಟ್ಟು ಹೋಗುತ್ತಿವೆ. ಹಟ್ಟಿ ಚಿನ್ನದ ಗಣಿಯಲ್ಲಿ ಕಲ್ಲಿನ ಧೂಳು ಕುಡಿಯುವವರಿಗೆ, ರೈಸ್ ಮಿಲ್ಲಿನ ಧೂಳಿನಲ್ಲಿ ದುಡಿಯುವವರಿಗೆ ಬೀಡಿಯ ಹೊಗೆಯೂ ಸೇರಿದರೆ ಶ್ವಾಸಕೋಶಕ್ಕೆ ಎರಡು ಹೊರೆ. “ಬೀಡಿ ಸಣ್ಣದು, ಸಿಗರೇಟಿನಷ್ಟು ಕೆಟ್ಟದ್ದಲ್ಲ” ಅನ್ನುವುದೂ ಸುಳ್ಳು. ಆರಿಹೋಗದಂತೆ ಅದನ್ನು ಮೇಲಿಂದ ಮೇಲೆ ಜೋರಾಗಿ ಎಳೆಯಬೇಕು, ಹೊಗೆ ಒಳಗೆ ಆಳಕ್ಕೆ ಇಳಿಯುತ್ತದೆ.

ಬೈದು ನೋಡಿದ್ದೀರಿ, ಕಟ್ಟನ್ನು ಒಲೆಗೆ ಹಾಕಿಯೂ ನೋಡಿದ್ದೀರಿ. ಈಗ ಖರ್ಚಿಲ್ಲದ ಇನ್ನೊಂದು ದಾರಿ ಹೇಳುತ್ತೇವೆ. ಅದು ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳುವುದು.

ಸೇದುವವರನ್ನೇ ಕೇಳಿ ನೋಡಿ. ಉಂಡು ಕೈ ತೊಳೆದ ಕೂಡಲೇ ತಲಬು ಬರುತ್ತದಲ್ಲ, ಅದು ಹೆಚ್ಚಾಗಿ ಚಿತ್ರವಾಗಿ ಬರುತ್ತದೆ: ಕಡ್ಡಿ ಗೀರಿದ ವಾಸನೆ, ತುಟಿಗೆ ತಾಗಿದ ಎಲೆ, ಚಹಾ ಅಂಗಡಿಯ ಕಟ್ಟೆ, ಮೊದಲ ದಮ್ಮು. ಚಿತ್ರ ಬೆಳೆದಂತೆ ತಲಬೂ ಬೆಳೆಯುತ್ತದೆ. 2005ರಲ್ಲಿ ಕವನಾ, ಆಂಡ್ರೇಡ್, ಮೇ ಎಂಬ ಮೂವರು ಮನೋವಿಜ್ಞಾನಿಗಳು ಇದನ್ನು ವಿವರಿಸಿ ಬರೆದರು. ಮನಸ್ಸಿನ ಪರದೆ ಒಂದೇ, ಅದರ ಮೇಲೆ ಎರಡು ಸಿನಿಮಾ ಒಟ್ಟಿಗೆ ಓಡುವುದು ಕಷ್ಟ. “ಬೀಡಿ ನೆನಸಬಾರದು” ಅಂದುಕೊಂಡರೆ ಬೀಡಿಯೇ ಕಣ್ಣಿಗೆ ಕಟ್ಟುತ್ತದೆ. ಅದರ ಬದಲು ಬೇರೊಂದು ಚಿತ್ರವನ್ನು ಗಟ್ಟಿಯಾಗಿ ತಂದರೆ ಬೀಡಿ ಮಸುಕಾಗುತ್ತದೆ. ತಲಬು ಜೋರಾಗಿರುವುದು ಸಾಮಾನ್ಯವಾಗಿ ಕೆಲವೇ ನಿಮಿಷ. ಅಷ್ಟು ದಾಟಿದರೆ ಆ ಒಂದು ಬೀಡಿ ತಪ್ಪಿತು.

ಚಿತ್ರ ಮಾತ್ರ ಅವರದೇ ಆಗಿರಬೇಕು. ಹೊಲದಲ್ಲಿ ದುಡಿಯುವವರಿಗೆ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ ಇರಬಹುದು. ಗದ್ದೆಗೆ ನೀರು ನುಗ್ಗುವ ಸಪ್ಪಳ, ಪಾದಕ್ಕೆ ತಣ್ಣನೆಯ ಕೆಸರು, ಹಸಿ ಮಣ್ಣಿನ ವಾಸನೆ. ಬರೀ ನೋಟ ಸಾಲದು. ಸಪ್ಪಳ, ವಾಸನೆ, ತಂಪು ಎಲ್ಲ ಸೇರಿದರೆ ಚಿತ್ರಕ್ಕೆ ಬಲ. ಜೊತೆಗೆ ಮುಂದಿನ ದಿನದ ಚಿತ್ರವೂ ಒಂದಿರಲಿ: ಮೊಮ್ಮಗಳ ಕೈ ಹಿಡಿದು ಏದುಸಿರಿಲ್ಲದೆ ಮಸ್ಕಿಯ ಮಲ್ಲಿಕಾರ್ಜುನನ ಬೆಟ್ಟ ಹತ್ತುವುದು, ರಾತ್ರಿ ಕೆಮ್ಮದೆ ಮಲಗುವುದು. ದುಡ್ಡಿನ ಚಿತ್ರವೂ ಆಗಬಹುದು. ದಿನಕ್ಕೆ 20 ರೂಪಾಯಿ ಹೊಗೆಗೆ ಹೋದರೆ ವರ್ಷಕ್ಕೆ 7,300 ರೂಪಾಯಿ. ಅದರಲ್ಲಿ ಏನೇನು ಬಂದೀತು ಎಂಬುದು ಸಾಲದ ಲೆಕ್ಕ ಬರೆಯುವ ನಿಮಗೆ ಹೇಳಬೇಕಿಲ್ಲ.

ನಿಮ್ಮ ಕೆಲಸ ಕೇಳುವುದು. ಸಂಜೆ, ಜಗಳ ಇಲ್ಲದ ಹೊತ್ತಿನಲ್ಲಿ, ಕಣ್ಣು ಮುಚ್ಚಿ ಕೂಡಲು ಹೇಳಿ. “ನೀರು ಯಾ ಕಡಿಂದ ಬರ್ತಾವ್ರಿ? ಕಾಲಿಗೆ ತಣ್ಣಗ ಹತ್ತತಾವೇನ್ರಿ?” ಎಂದು ಒಂದೊಂದೇ ಕೇಳಿ. ಐದು ನಿಮಿಷ ಸಾಕು, ಆದರೆ ದಿನಾ ಆಗಬೇಕು. ತಲಬು ಇಲ್ಲದಾಗ ರೂಢಿ ಮಾಡಿದ ಚಿತ್ರವೇ ತಲಬು ಬಂದಾಗ ಕೈಗೆ ಸಿಗುವುದು. ಕ್ಯಾನ್ಸರ್ ಬಾಯಿಯ ಫೋಟೋ ತೋರಿಸಿ ಹೆದರಿಸುವುದರಲ್ಲಿ ನಮಗೆ ಹೆಚ್ಚು ನಂಬಿಕೆ ಇಲ್ಲ. ಹೆದರಿದವರು ಹೊರಗೆ ಹೋಗಿ ಇನ್ನೊಂದು ಹಚ್ಚುತ್ತಾರೆ.

ಮೊದಲು ದಿನದ ಒಂದೇ ಬೀಡಿ ಆರಿಸಿಕೊಳ್ಳಲಿ, ಊಟದ ನಂತರದ್ದು ಅನ್ನಿ. ಅದು ತಪ್ಪಿದ ಮೇಲೆ ಮುಂದಿನದು. ಆದರೆ ನಾಲ್ಕೈದಕ್ಕೆ ಇಳಿಸಿ ನಿಂತರೆ ಸಾಲದು, ಅಷ್ಟರಿಂದಲೂ ಹೃದಯಕ್ಕೆ ಅಪಾಯ ಇದ್ದೇ ಇರುತ್ತದೆ. ಪೂರ್ತಿ ಬಿಡುವ ಒಂದು ದಿನ ಗೊತ್ತು ಮಾಡಿಕೊಳ್ಳಬೇಕು.

ಇದು ಮಂತ್ರವಲ್ಲ. ಅಮೆರಿಕದಲ್ಲಿ 71 ಜನ ಸೇದುವವರ ಮೇಲೆ ನಡೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಸಲಹೆ ಕೊಟ್ಟು, ಕೆಲವರಿಗೆ ಮಾತ್ರ ದಿನಾ ಮನೆಯಲ್ಲಿ 20 ನಿಮಿಷ ಕೇಳಲು ಚಿತ್ರ ಕಟ್ಟುವ ಕ್ಯಾಸೆಟ್ ಕೊಟ್ಟಿದ್ದರು. ಎರಡು ವರ್ಷದ ನಂತರವೂ ಸೇದದೆ ಉಳಿದವರು ಚಿತ್ರ ಕಟ್ಟಿದವರಲ್ಲಿ ನೂರಕ್ಕೆ 26, ಉಳಿದವರಲ್ಲಿ ನೂರಕ್ಕೆ 12. ಎರಡು ಪಟ್ಟು ಹೌದು, ಆದರೂ ಬಿಡಲಾಗದವರೇ ಹೆಚ್ಚು. ಬಿಟ್ಟ ಮೊದಲ ದಿನಗಳಲ್ಲಿ ಸಿಟ್ಟು, ತಲೆನೋವು, ನಿದ್ದೆಗೇಡು ಬರುತ್ತವೆ, ಅದು ನಿಕೋಟಿನ್ ಇಲ್ಲದ ಚಡಪಡಿಕೆ. ಆಗ “ನಿನ್ ಕೈಲಿ ಆಗಲ್ಲ” ಅನ್ನಬೇಡಿ. ತೀರಾ ಕಷ್ಟವಾದರೆ ಡಾಕ್ಟರನ್ನು ಕೇಳಿ, ನಿಕೋಟಿನ್ ಚ್ಯೂಯಿಂಗ್ ಗಮ್ ಮುಂತಾದವು ಇವೆ.

ತಂಬಾಕು ಬಾಯಲ್ಲಿಟ್ಟುಕೊಂಡೇ ಇದನ್ನು ಓದುತ್ತಿರುವ ಅಕ್ಕಂದಿರಿಗೂ ಒಂದು ಮಾತು. 2016–17ರ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಮಹಿಳೆಯರಲ್ಲಿ ಸುಮಾರು 10 ಜನ ತಂಬಾಕು ಬಳಸುವವರು. ನಿಮ್ಮ ತಲಬಿಗೂ ಇದೇ ಉಪಾಯ ನಡೆಯುತ್ತದೆ. ಗಂಡ-ಹೆಂಡತಿ ಒಟ್ಟಿಗೆ ಕೂತರೆ ಇನ್ನೂ ಸುಲಭ, ಯಾರು ಯಾರಿಗೂ ಬೈಯುವಂತಿಲ್ಲ!

ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ ಇದ್ದರೆ ಚಿತ್ರ ಕಟ್ಟುತ್ತಾ ಕೂಡಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಅದು ಉಚಿತ. ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ಫೋನು 1800-11-2356, ಕನ್ನಡದಲ್ಲೂ ಮಾತಾಡುತ್ತಾರೆ. ನಂಬರು ತಂಬಾಕಿನ ಪ್ಯಾಕೆಟ್ಟಿನ ಮೇಲೂ ಇರುತ್ತದೆ. ಓದಲು ಬಾರದವರಿಗೆ ಸಂಘದ ಪುಸ್ತಕ ಬರೆಯುವವರು ಹಚ್ಚಿ ಕೊಡಲಿ.